ಡ್ರೆಸ್ಸರ್ ಕೆಂಪನಂಜಪ್ಪನ ಗಂಟು

ನನ್ನ ಮದುವೆಯಲ್ಲಿ ನಮ್ಮ ತಂದೆ ಅಳಿಯನಿಗೆ ಉಂಗುರ ಕೊಟ್ಟರು, ನನಗೆ ಒಂದು ಇಂಗ್ಲಿಷ್ ನಿಘಂಟು ಕೊಟ್ಟರು. ಅವರು ಯಳಂದೂರಿನ ಮೇಷ್ಟ್ರು. ಮಗಳು ಗಡಿ ದಾಟಿ ಹೋಗುತ್ತಿದ್ದಾಳೆ, ಅಲ್ಲಿ ಕಚೇರಿಯ ಮಾತೆಲ್ಲ ಇಂಗ್ಲಿಷ್ ಇಲ್ಲವೇ ತಮಿಳು, ಒಂದಾದರೂ ಕೈಯಲ್ಲಿರಲಿ ಎಂದುಕೊಂಡರೋ ಏನೋ. ಗಡಿ ಎಂದರೆ ಹೆದರಬೇಕಾಗಿಲ್ಲ. ಯಳಂದೂರು ಮೈಸೂರು ಸಂಸ್ಥಾನದ್ದು. ಕೊಳ್ಳೇಗಾಲ, ಹನೂರು ಮದರಾಸಿನವರ ಕೊಯಮತ್ತೂರು ಜಿಲ್ಲೆಯವು. ಬೆಳಿಗ್ಗೆ ಗಾಡಿ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಬೇರೆ ಸರ್ಕಾರ, ಅಷ್ಟೆ. ನಮ್ಮ ಯಜಮಾನರು ಶಿವನಂಜಯ್ಯನವರು ಹನೂರಿನ ಆಸ್ಪತ್ರೆಯಲ್ಲಿ ಕಂಪೌಂಡರ್. ಆಸ್ಪತ್ರೆಯ ಹಿಂದೆಯೇ ನಮ್ಮ ಮನೆ. ನಮ್ಮ ಗೋಡೆಗೆ ಅಂಟಿಕೊಂಡಂತಿದ್ದ ಒಂದೇ ಕೋಣೆಯಲ್ಲಿ ಡ್ರೆಸ್ಸರ್ ಕೆಂಪನಂಜಪ್ಪ ಇದ್ದ.

ಈ ಡ್ರೆಸ್ಸರ್ ಅನ್ನುವ ಹೆಸರು ನನಗೆ ಮೊದಲಿಂದಲೂ ಕಿರಿಕಿರಿ. ಡ್ರೆಸ್ ಎಂದರೆ ಉಡುಪು ಎಂದು ಶಾಲೆಗೆ ಹೋದ ಮಗುವಿಗೂ ಗೊತ್ತು. ಈ ಮನುಷ್ಯನಿಗೋ ಇದ್ದದ್ದು ಒಂದು ಖಾಕಿ ಅಂಗಿ, ಒಂದು ಪಂಚೆ. ಹುಣ್ಣು ತೊಳೆದು ಬಟ್ಟೆ ಸುತ್ತುವವನಿಗೆ ಯಾಕಪ್ಪ ಈ ಠೀವಿಯ ಹೆಸರು ಎಂದು ನಿಘಂಟು ತೆಗೆದೆ. ಅದರಲ್ಲಿ ಒಂದು ಸಂತೆಯೇ ಇತ್ತು. ಗಾಯಕ್ಕೆ ಪಟ್ಟಿ ಕಟ್ಟುವವನು ಡ್ರೆಸ್ಸರ್. ನಾಟಕದವರಿಗೆ ವೇಷ ತೊಡಿಸುವವನು ಡ್ರೆಸ್ಸರ್. ಕಲ್ಲನ್ನು ಕೆತ್ತಿ ಸಾಪು ಮಾಡುವವನೂ ಅವನೇ, ತೊಗಲನ್ನು ಹದ ಮಾಡುವವನೂ ಅವನೇ. ದೊರೆಗಳ ಮನೆಯಲ್ಲಿ ತಟ್ಟೆ ಜೋಡಿಸುವ ಬೀರು ಕೂಡ ಡ್ರೆಸ್ಸರ್, ದೊರೆಸಾನಿ ಮುಖ ನೋಡಿಕೊಳ್ಳುವ ಕನ್ನಡಿ ಮೇಜೂ ಡ್ರೆಸ್ಸರ್. ಎಲ್ಲಕ್ಕೂ ಬೇರು ಯಾವುದೋ ಹಳೆಯ ಲ್ಯಾಟಿನ್ ಮಾತಂತೆ, ಅರ್ಥ 'ನೆಟ್ಟಗೆ ಮಾಡುವುದು'. ಬಟ್ಟೆಯ ಅರ್ಥ ಆಮೇಲೆ ಬಂದು ಸೇರಿಕೊಂಡದ್ದು. ಮನೆಗೆ ಆಮೇಲೆ ಬಂದವರೇ ಯಜಮಾನಿಕೆ ನಡೆಸುವುದನ್ನು ನಾನು ಅತ್ತಿಗೆಯರಲ್ಲಿ ಕಂಡಿದ್ದೆ, ಮಾತಿನಲ್ಲೂ ಹಾಗೇ ಎಂದು ಅವತ್ತು ತಿಳಿಯಿತು.

ಅದೇ ಪುಟದಲ್ಲಿ ಇನ್ನೊಂದು ಅರ್ಥವೂ ಇತ್ತು. ಮಗ್ಗಕ್ಕೆ ಹೂಡುವ ಮೊದಲು ನೂಲಿನ ಹಾಸನ್ನು ಬಿಗಿದು, ಗಂಜಿ ಸವರಿ, ಎಳೆ ಎಳೆ ನೆಟ್ಟಗೆ ಮಾಡುವವನೂ ಡ್ರೆಸ್ಸರೇ. ಇದನ್ನು ಓದಿ ನನಗೆ ಮೈ ಜುಂ ಎಂದಿತು. ಕೆಂಪನಂಜಪ್ಪ ಕೊಳ್ಳೇಗಾಲದ ನೇಯ್ಗೆಯವರ ಮನೆಯವನು. ಅವನ ಅಪ್ಪ ಬದುಕೆಲ್ಲ ಬೀದಿಯಲ್ಲಿ ಹಾಸು ಬಿಗಿದು, ಕುಂಚ ಆಡಿಸಿ, ಕಡಿದ ಎಳೆ ಹುಡುಕಿ ಗಂಟು ಹಾಕಿದವನು. ತಾನೊಬ್ಬ ಡ್ರೆಸ್ಸರ್ ಎಂದು ತಿಳಿಯದೆಯೇ ಸತ್ತ. ಮಗ ಅದೇ ಗಂಟನ್ನು ಆಸ್ಪತ್ರೆಗೆ ತಂದ. ಓಡಿಹೋಗಿ ಈ ವಿಷಯ ಹೇಳಿದರೆ ಕೆಂಪನಂಜಪ್ಪ, "ಔದಾ ಅಕ್ಕಾರೆ?" ಎಂದು ನೆಲ ನೋಡಿದ. ಮಾತು ಮುಗಿಯಿತು. ನನಗೆ ಸಿಟ್ಟು ಬಂತು. ಆ ಮನುಷ್ಯನ ಹತ್ತಿರ ಮಾತಾಡುವುದೂ ಒಂದೇ, ಒರಳಿನ ಹತ್ತಿರ ಮಾತಾಡುವುದೂ ಒಂದೇ.

ಆದರೆ ಅವನ ಕೈ ಕೆಲಸದಲ್ಲಿದ್ದಾಗ ಸಂಗತಿ ಬೇರೆ. ಗಾಯದ ಮುಂದೆ ಕುಕ್ಕರುಗಾಲಲ್ಲಿ ಕೂತು ಲೋಷನ್ ಬಟ್ಟಲು ತೆಗೆದುಕೊಂಡನೋ, ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ನೇಯ್ಗೆ ಬೀದಿಯಲ್ಲಿ ಬೆಳೆದವರ ಅಭ್ಯಾಸ ಅದು; ಎಳೆ ಕೂಡಿಸುತ್ತಾ ಕೂಡಿಸುತ್ತಾ ಊರಿನ ಕಥೆಯೆಲ್ಲ ಆಡುತ್ತಾರೆ, ಕಣ್ಣು ಮಾತ್ರ ನೂಲಿನ ಮೇಲೆ. ಇವನೂ ಹಾಗೇ. ರೋಗಿ ನೋವಿನಿಂದ ಕೂಗಬಾರದೆಂದು ಶುರುಮಾಡಿದ ಮಾತೇ ಇರಬೇಕು. ಅವನ ಅಣ್ಣ ಸೀರೆಯ ಸೆರಗಿನಲ್ಲಿ ಎಡವಟ್ಟು ಮಾಡಿದ್ದು, ಅವ್ವ ರೇಷ್ಮೆ ಹುಳುವಿನ ತಟ್ಟೆಯ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದದ್ದು, ಎಲ್ಲ ಬರುತ್ತಿತ್ತು. ಕಿಟಕಿಯಿಂದ ಕೇಳುತ್ತಾ ನಾನು ಸಾರು ಉಕ್ಕಿಸಿದ್ದುಂಟು.

ಊರಿನವರು ಅವನ ಪಟ್ಟಿಗೆ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಆ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ತಾಯತ ಕಟ್ಟಿಸಿಕೊಂಡರೆ ಕಟ್ಟಿದ ಕೈಯೇ ಬಿಚ್ಚಬೇಕು. ಬೇರೆಯವರು ಬಿಚ್ಚಿದರೆ ಹೋದದ್ದು ತಿರುಗಿ ಬರುತ್ತದೆ. ಅದನ್ನೇ ಇವನ ಪಟ್ಟಿಗೂ ಹಚ್ಚಿದರು. ಡಾಕ್ಟರು ಕೊಳ್ಳೇಗಾಲದಿಂದ ಬಂದಾಗ, "ಎಂಟು ದಿನ ಬಿಟ್ಟು ಮನೆಯಲ್ಲೇ ತೆಗೆದುಹಾಕಿ" ಎಂದು ಅರ್ಧ ತಮಿಳಿನಲ್ಲಿ ಹೇಳುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಪಾಲಾರಿನ ಕಡೆಯಿಂದ ಕೂಡ ನಡೆದು ಬರುತ್ತಿದ್ದರು, ಬರೀ ಗಂಟು ಬಿಚ್ಚಿಸಿಕೊಳ್ಳಲು. ಕೆಂಪನಂಜಪ್ಪ ಬೈಯುತ್ತಿರಲಿಲ್ಲ. ಮೊದಮೊದಲು ನಾನು ಇದನ್ನು ಅವನ ತಾಳ್ಮೆ ಎಂದುಕೊಂಡಿದ್ದೆ. ಅಲ್ಲ, ಅವನಿಗೆ ಅದು ಬೇಕಾಗಿತ್ತು. ಅವನನ್ನು ಹುಡುಕಿಕೊಂಡು ಯಾರಾದರೂ ಬರುತ್ತಿದ್ದರೆ ಆ ಗಂಟಿನ ದೆಸೆಯಿಂದಲೇ.

ಗಂಟು ಬಿಚ್ಚಿದ ಮೇಲೆ ಮುಗಿಯಿತು. ಆಸ್ಪತ್ರೆಯಿಂದ ಹೊರಡುವಾಗ ಯಾರೂ 'ಬತ್ತೀನಿ' ಎನ್ನುವುದಿಲ್ಲವಲ್ಲ, ತೆಂಗಿನಕಾಯಿ ಇಟ್ಟು ತಿರುಗಿ ನೋಡದೆ ಹೋಗುತ್ತಿದ್ದರು. ಸಂತೆಯಲ್ಲಿ ಎದುರಾದರೆ ಗುರುತೇ ಇಲ್ಲದವರಂತೆ ಪಕ್ಕಕ್ಕೆ ಸರಿಯುತ್ತಿದ್ದರು. ಅವರ ಕೀವು, ಹುಳ, ಕೂಗಾಟ ಎಲ್ಲ ನೋಡಿದ ಮನುಷ್ಯ. ಅವನನ್ನು ಕಂಡರೆ ಅದೆಲ್ಲ ನೆನಪಾಗುತ್ತದೆ. ಹೋಟೆಲಿನವನು ಹೊರಗಿನ ಕಟ್ಟೆಯ ಮೇಲೆ ಅವನ ಲೋಟ ಬೇರೆ ಇಟ್ಟಿದ್ದ. ಹೆಣ್ಣು ಕೊಡುವವರು, "ಕೀವು ಮುಟ್ಟೋ ಕೈ" ಎಂದು ಎದ್ದು ಹೋದರು. ಸ್ವಂತ ಅಣ್ಣಂದಿರೂ ಮಗ್ಗ ಮುಟ್ಟುವ ಮೊದಲು ಸ್ನಾನ ಮಾಡು ಎನ್ನುತ್ತಿದ್ದರಂತೆ, ಕೊನೆಗೆ ಅವನು ಕೊಳ್ಳೇಗಾಲಕ್ಕೆ ಹೋಗುವುದನ್ನೇ ಬಿಟ್ಟ. ಸಾಯಂಕಾಲ ಕೋಣೆಯ ಮುಂದೆ ಕೂತು, ಕುದಿಸಿ ಒಣಗಿಸಿದ ಪಟ್ಟಿಗಳನ್ನು ಮೊಣಕಾಲ ಮೇಲೆ ಸುರುಳಿ ಸುತ್ತುತ್ತಿದ್ದ. ಆಗ ಅವನನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಇಷ್ಟು ಕೈಗುಣ ಇರುವವನು ಇಷ್ಟು ಒಂಟಿಯಾಗಿರಬಾರದು ಎಂದು ದೇವರ ಜೊತೆ ಜಗಳವಾಡಿದ್ದೇನೆ.

ದೇವೀರಮ್ಮನನ್ನು ತಂದದ್ದು ಯುದ್ಧ ಮುಗಿದ ವರ್ಷದ ಬೇಸಿಗೆಗೆ ಮೊದಲು. ಕೌದಳ್ಳಿಯಿಂದಾಚೆ, ಬೆಟ್ಟದ ದಾರಿಯ ಒಂದು ಹಳ್ಳಿಯವಳು. ಸೀಗೆಕಾಯಿ ಆಯಲು ಕಾಡಿಗೆ ಹೋದಾಗ ಕರಡಿ ಎದ್ದಿತ್ತು. ಕರಡಿ ಬೇರೆ ಮೃಗದಂತಲ್ಲ, ಮುಖಕ್ಕೇ ಕೈ ಹಾಕುತ್ತದೆ. ಅಣ್ಣ ಮಾದಸ್ವಾಮಿ ಹುಲ್ಲು ಹಾಸಿದ ಗಾಡಿಯಲ್ಲಿ ಮಲಗಿಸಿ ತಂದ. ಎಡಗಣ್ಣು ಹೋಗಿತ್ತು, ಕೆನ್ನೆ ಹರಿದು ತುಟಿಯ ತನಕ ಇಳಿದಿತ್ತು. ನಮ್ಮವರು ಔಷಧಿ ಬೆರೆಸುವವರು, ರಕ್ತ ಕಂಡರೆ ಅವರಿಗೆ ಆಗದು. ಹೊರಗೆ ಬಂದು ಗೋಡೆ ಹಿಡಿದುಕೊಂಡರು. ಕೊಳ್ಳೇಗಾಲದಿಂದ ಡಾಕ್ಟರು ಬಂದು ಹೊಲಿಗೆ ಹಾಕಿದರು, ಮಿಕ್ಕದ್ದು ಡ್ರೆಸ್ಸರ್ ಪಾಲಿಗೆ ಬಂತು. ಅವಳ ಗಂಡ ಒಂದು ಸಲ ಬಂದ. ಪಟ್ಟಿ ಬಿಚ್ಚಿದ್ದ ಹೊತ್ತು ಅದು. ಬಾಗಿಲಲ್ಲೇ ಮುಖ ತಿರುಗಿಸಿಕೊಂಡು ಹೋದವನು ಮತ್ತೆ ಬರಲಿಲ್ಲ. ಕೆಲವು ತಿಂಗಳಲ್ಲಿ ಬೇರೆ ಮದುವೆಯಾದ. ಕುಲದವರು ಕೂತು ಇವಳಿಗೆ ಬಿಡುಗಡೆ ಮಾಡಿಕೊಟ್ಟರು ಎಂದು ಅಣ್ಣನೇ ಬಂದು ಹೇಳಿದ.

ದೇವೀರಮ್ಮ ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಉಳಿದಳು. ಬಾಯಿಗೂ ಸೇರಿಸಿ ಪಟ್ಟಿ ಬಿಗಿದಿದ್ದರಿಂದ ಮಾತಿಲ್ಲ. ಕೆಂಪನಂಜಪ್ಪ ದಿನಾ ಬೆಳಿಗ್ಗೆ ಅವಳ ಮುಂದೆ ಕೂರುತ್ತಿದ್ದ, ತೊಳೆಯುತ್ತಿದ್ದ, ಪುಡಿ ಉದುರಿಸುತ್ತಿದ್ದ, ಆಡುತ್ತಿದ್ದ. ಅಷ್ಟು ಮಾತು ಅವನು ಯಾರ ಹತ್ತಿರವೂ ಆಡಿದ್ದಿಲ್ಲ. ಎದುರಿನವಳು ಉತ್ತರ ಕೊಡಲಾರಳು ಎಂಬುದೇ ಅವನಿಗೆ ಧೈರ್ಯ ಕೊಟ್ಟಿರಬೇಕು. ಅಣ್ಣಂದಿರ ಮೇಲಿನ ನೋವನ್ನೂ, ತಪ್ಪಿಹೋದ ಹೆಣ್ಣುಗಳ ಕಥೆಯನ್ನೂ ನಗುತ್ತಾ ಹೇಳಿದ. ಅವಳು ಒಂದು ಕಣ್ಣಿನಲ್ಲಿ ಕೇಳುತ್ತಿದ್ದಳು. ಆ ಗಾಯವನ್ನು ಅವನು ನೋಡುತ್ತಿದ್ದ ರೀತಿ ನಾನು ಕಂಡಿದ್ದೇನೆ. ಹೇಸಿಗೆ ಇಲ್ಲ, ಅಯ್ಯೋ ಪಾಪ ಎನ್ನುವುದೂ ಇಲ್ಲ. ಕಡಿದ ಎಳೆ ಹುಡುಕುವವನ ಹಾಗೆ ಮುಖ ಹತ್ತಿರ ತಂದು ನೋಡುತ್ತಿದ್ದ.

ತುಟಿ ಕೂಡಿಕೊಂಡಿತು. ಒಂದು ಬೆಳಿಗ್ಗೆ ಅವನು ರೇಷ್ಮೆ ಗೂಡಿನ ಸಂತೆಯ ಕಥೆ ಅರ್ಧಕ್ಕೆ ನಿಲ್ಲಿಸಿದಾಗ, ಅರ್ಧ ಬಿಚ್ಚಿದ ಪಟ್ಟಿಯ ಒಳಗಿನಿಂದ ಸಣ್ಣ ದನಿ ಬಂತು.

"ಆಮ್ಯಾಕೆ ಏನಾಯ್ತು?"

ಅವನು ಹತ್ತಿ ಅದ್ದಿಕೊಂಡು ಕಥೆ ಮುಂದುವರಿಸಿದ. ಅಲ್ಲಿಂದ ಇಬ್ಬರೂ ಆಡುತ್ತಿದ್ದರು, ಆದರೆ ಪಟ್ಟಿ ಕಟ್ಟುವ ಹೊತ್ತಿನಲ್ಲಿ ಮಾತ್ರ. ಅವಳು ಮೂರು ಕಲ್ಲು ಹೂಡಿ ರಾಗಿ ಬೇಯಿಸಲು ಶುರು ಮಾಡಿದಳು. ಒಂದು ಮುದ್ದೆ ಅವನ ಕೋಣೆಯ ಮುಂದೆ ಮುಚ್ಚಿಡುತ್ತಿದ್ದಳು. ಅವನು ಹೋಟೆಲಿನ ಕಟ್ಟೆಗೆ ಹೋಗುವುದನ್ನು ನಿಲ್ಲಿಸಿದ. ನಾನು ನಮ್ಮವರಿಗೆ ಹೇಳಿದೆ, ಇವರಿಬ್ಬರಿಗೂ ಒಂದು ಕೂಡಿಕೆ ಮಾಡಿಸಿಬಿಡಿ, ಗಂಡ ಬಿಟ್ಟವಳು ಮತ್ತೆ ಮದುವೆಯಾದರೆ ಆ ಹುಡುಗಿಯ ಕುಲದಲ್ಲಿ ತಪ್ಪಿಲ್ಲ ಎಂದು. "ನಿನಗೇಕೆ ಊರ ಉಸಾಬರಿ" ಎಂದರು. ಕಂಪೌಂಡರ್ ಎಂದರೆ ಕೂಡಿಸುವವನು ಎಂದು ನಿಘಂಟಿನಲ್ಲಿದೆ, ನನ್ನ ಮನೆಯಲ್ಲಿ ಮಾತ್ರ ಸುಳ್ಳು.

ಮಳೆಗಾಲ ಬಂದು ಹೋಯಿತು. ದೇವೀರಮ್ಮನ ಮುಖಕ್ಕೆ ಪಟ್ಟಿ ಇದ್ದೇ ಇತ್ತು. ಬಟ್ಟೆಯ ಮೇಲೆ ಕಲೆ ಬೀಳುವುದು ನಿಂತು ಎಷ್ಟೋ ಕಾಲವಾಗಿತ್ತು, ನೊಣ ಕೂಡ ಕೂರುತ್ತಿರಲಿಲ್ಲ. ಆದರೂ ಅವನು ದಿನಾ ಬಿಚ್ಚುತ್ತಿದ್ದ, ಒರೆಸುತ್ತಿದ್ದ, ಹೊಸದು ಕಟ್ಟುತ್ತಿದ್ದ. "ಇನ್ನೊಂದ್ ವಾರ ಇರ್ಲಿ" ಎನ್ನುತ್ತಿದ್ದ. ವಾಸಿಯಾದ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಅವಳಿಗೆ ಗೊತ್ತಿರಲಿಲ್ಲವೇ? ಅವಳ ಮುಖ, ಅವಳ ನೋವು. ಗಂಟು ಬಿಚ್ಚಿದರೆ ಊರಿಗೆ ಹೋಗಬೇಕು, ಅದಕ್ಕೇ ಅವಳೂ ಬಾಯಿ ಬಿಡಲಿಲ್ಲ. ಪಟ್ಟಿ ಇರುವ ತನಕ ಅವಳು ರೋಗಿ, ಅವನು ಡ್ರೆಸ್ಸರ್, ನೋಡುವವರ ಬಾಯಿಗೆ ಕೆಲಸವಿಲ್ಲ.

ದೀಪಾವಳಿಯ ಹೊತ್ತಿಗೆ ಡಾಕ್ಟರು ಜಗಲಿಯನ್ನು ನೋಡಿ, "ಈ ಅಮ್ಮ ಇನ್ನೂ ಇಲ್ಲಿದ್ದಾರಾ?" ಎಂದರು. ಮುಖದ ಪಟ್ಟಿ ಬಿಚ್ಚಿಸಿ, ಒತ್ತಿ ನೋಡಿ, ಇನ್ನು ಪಟ್ಟಿ ಬೇಡ, ನಾಳೆ ಮನೆಗೆ ಕಳಿಸಿ ಎಂದು ಹೇಳಿ ಹೋದರು. ಬಿಚ್ಚಿದವನು ಕೆಂಪನಂಜಪ್ಪನೇ. ಡಾಕ್ಟರು ಅತ್ತ ಹೋದ ಮೇಲೆ ಅಭ್ಯಾಸದ ಮೇಲೆ ಪಟ್ಟಿಯನ್ನು ಮತ್ತೆ ಕೈಗೆ ತೆಗೆದುಕೊಂಡ. ಅವಳು ಅವನ ಕೈಯಿಂದ ಅದನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು. ನಾನು ಕಿಟಕಿಯಲ್ಲೇ ಇದ್ದೆ.

"ಹೆಂಗದೆ ನೋಡಿ ಹೇಳಿ" ಎಂದಳು.

ಅವನು ನೋಡಲಿಲ್ಲ. ಆ ಮುಖದ ಒಂದೊಂದು ಅಂಗುಲವನ್ನೂ ಹುಣ್ಣಾಗಿದ್ದಾಗ ನೋಡಿದವನು, ಮುಖ ಮುಖವಾದ ಕೂಡಲೇ ಕಣ್ಣೆತ್ತಲಾರದೆ ಹೋದ. ಕಿವಿ ಕೆಂಪಾಗಿತ್ತು. ಎದ್ದು ನಿಂತ, ಬಟ್ಟಲಿನ ನೀರು ಚೆಲ್ಲಿದ, ಆ ಕಡೆ ತಿರುಗಿ ನಿಂತುಬಿಟ್ಟ. ನಾಚಿಕೆ! ನಲವತ್ತು ದಾಟಿದ ಗಂಡಸಿಗೆ ಹದಿನಾರರ ನಾಚಿಕೆ. ನನಗೆ ಕಿಟಕಿಯಿಂದ ಅದು ಕಾಣಿಸಿತು. ಅವಳಿಗೆ ಕಂಡದ್ದು ಅವನ ಬೆನ್ನು ಮಾತ್ರ. ಇನ್ನೊಬ್ಬ ಗಂಡಸು ಮುಖ ತಿರುಗಿಸಿಕೊಂಡ ಎಂದೇ ಅವಳು ತಿಳಿದಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಗಂಟುಮೂಟೆ ಕಟ್ಟಿ, ನಾಳೆಯವರೆಗೂ ಕಾಯದೆ, ಮಾದೇಶ್ವರನ ಬೆಟ್ಟದ ಜಾತ್ರೆಗೆ ನಡೆದು ಹೋಗುತ್ತಿದ್ದ ಪರಸೆಯವರ ಜೊತೆ ಸೇರಿಕೊಂಡು ಹೊರಟುಹೋದಳು. ಕೆಂಪನಂಜಪ್ಪ ತಿರುಗುವ ಹೊತ್ತಿಗೆ ಜಗಲಿ ಖಾಲಿ.

ಆಮೇಲಿನ ಒಂದು ವರ್ಷ ಅವನನ್ನು ನೋಡಲಾಗುತ್ತಿರಲಿಲ್ಲ. ಗಾಯದ ಮುಂದೆ ಕೂತಾಗಲೂ ಮಾತು ಕಡಿಮೆಯಾಯಿತು. ಅವಳು ಹೂಡಿದ್ದ ಮೂರು ಕಲ್ಲನ್ನು ಯಾರೂ ಮುಟ್ಟಬಾರದೆಂದು ಸುತ್ತ ಗುಡಿಸುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಮುಂದಿನ ದೀಪಾವಳಿಗೆ ನಮ್ಮವರನ್ನು ಹೊರಡಿಸಿ ಮಾದೇಶ್ವರನ ಬೆಟ್ಟಕ್ಕೆ ಗಾಡಿ ಕಟ್ಟಿಸಿದೆ, ಕೆಂಪನಂಜಪ್ಪನೂ ಬರಲೇಬೇಕೆಂದು ಹಟ ಮಾಡಿದೆ. ದಾರಿಯಲ್ಲಿ ಅವಳ ಹಳ್ಳಿ ಸಿಗುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ಕೌದಳ್ಳಿ ದಾಟುವಾಗ ಅವನೇ ನಮ್ಮವರಿಗೆ ಹೇಳಿದ, "ಇವತ್ತು ಕೇಳ್ತೀನಿ ಕಣ್ರಿ ಸಾ. ಬತ್ತಿಯಾ ಅಂತ ಕೇಳೇಬುಡ್ತೀನಿ." ಒಗೆದ ಬಿಳಿ ಅಂಗಿ ತೊಟ್ಟಿದ್ದ. ಗಡ್ಡ ಬೋಳಿಸಿಕೊಂಡಿದ್ದ. ಪಾಪ, ಅವತ್ತು ನಿಜವಾಗಿಯೂ ಡ್ರೆಸ್ ಮಾಡಿಕೊಂಡಿದ್ದ.

ಮಾದಸ್ವಾಮಿ ನಮ್ಮನ್ನು ಕಂಡು ಕಾಲಿಗೆ ಬೀಳುವುದೊಂದು ಬಾಕಿ. "ನನ್ ತಂಗಿ ಜೀವ ಉಳ್ಸಿದ ಸಾಮಿ" ಎಂದು ಕೆಂಪನಂಜಪ್ಪನನ್ನು ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದ. ದೇವೀರಮ್ಮ ಸೆರಗಿನಿಂದ ಮುಖ ಮರೆಮಾಡಿಕೊಂಡು ಬಂದು ನೀರಿನ ಚೊಂಬು ಇಟ್ಟಳು. ಅವನು ಚೊಂಬನ್ನೇ ನೋಡುತ್ತಾ ಕೇಳಿದ.

"ಗಾಯ ಹೆಂಗದೆ?"

"ವಾಸಿಯಾಗದೆ."

"ನೋವು?"

"ಇಲ್ಲ."

ಅವಳು ನಿಂತಿದ್ದಳು. ಅವನು ಚೊಂಬು ಎತ್ತಿ ನೀರು ಕುಡಿದ, ಕುಡಿಯುತ್ತಲೇ ಇದ್ದ. ಅವಳು ಒಳಗೆ ಹೋದಳು. ಮಾದಸ್ವಾಮಿ ನಮ್ಮವರನ್ನು ಹೊಲ ತೋರಿಸಲು ಕರೆದುಕೊಂಡು ಹೋದ. ನಾನು ಸಿಟ್ಟಿನಿಂದ ಅವಳ ಹಿಂದೆಯೇ ಅಡುಗೆ ಮನೆಗೆ ನುಗ್ಗಿದೆ.

"ಅವನಿಗೆ ಅಸಹ್ಯ ಅಲ್ಲ ಕಣೆ, ನಾಚ್ಕೆ! ನಾನು ಕಣ್ಣಾರೆ ಕಂಡಿದ್ದೀನಿ. ನಿನ್ನ ಕೇಳಾಕೆ ಅಂತ್ಲೇ ಬಂದವ್ನೆ!"

ಅವಳು ಒಲೆಯ ಮುಂದೆ ಕೂತು ಸೆರಗು ಸರಿಸಿದಳು. ಗಾಯದ ಕಲೆ ನಯವಾಗಿ ಕೂಡಿಕೊಂಡಿತ್ತು. ಒಳ್ಳೆಯ ಕೈ ಮಾಡಿದ ಕೆಲಸ.

"ಗೊತ್ತು ಕಣವ್ವ. ಅವತ್ತು ತಿಳೀನಿಲ್ಲ. ಇಲ್ಲಿಗೆ ಬಂದು, ಒಬ್ಳೇ ಕೂತ್ಕಂಡು ಯೋಚ್ನೆ ಮಾಡ್ದಾಗ ತಿಳೀತು. ನಂಗೂ ಅವ್ರು ಬೇಕು. ಆದ್ರೆ ಗಾಯ ಇದ್ದಾಗ ಎಸ್ಟ್ ಮಾತು ಆಡೋರು! ವಾಸಿಯಾಯ್ತು, ಮಾತು ನಿಂತೋಯ್ತು. ಅವ್ರ ಜೊತೆ ಬಾಳಾಟ ಮಾಡ್ಬೇಕು ಅಂದ್ರೆ ನಾನು ದಿನಾ ಒಂದ್ ಗಾಯ ಮಾಡ್ಕಂಡ್ ಕೂರಕಾದದಾ? ಒಂದ್ಸಾರಿ, ಬರಿ ಮೊಕ ನೋಡಿ ಒಂದ್ ಮಾತಾಡ್ಲಿ. ಈಗ್ಲೇ ಎದ್ದು ಬತ್ತೀನಿ."

ನಾನು ಹೊರಗೆ ಹೋಗಿ ಅವನ ಕಿವಿ ಹಿಂಡಿ ಕರೆತರಬೇಕೆಂದು ಎದ್ದೆ. ಅಷ್ಟರಲ್ಲಿ ಗೋಡೆಯಾಚೆಯಿಂದ ಅವನ ದನಿ ಕೇಳಿತು. ಗೋಡೆಯ ಸಂದಿಯಿಂದ ನೋಡಿದೆ. ಅಂಗಳದಲ್ಲಿ ಕಟ್ಟಿದ್ದ ಮಾದಸ್ವಾಮಿಯ ಎತ್ತಿನ ಹೆಗಲ ಮೇಲೆ ನೊಗ ಉಜ್ಜಿ ಹುಣ್ಣಾಗಿತ್ತು. ಕೆಂಪನಂಜಪ್ಪ ಬಿಳಿ ಅಂಗಿಯ ತೋಳು ಮಡಚಿ, ಚೊಂಬಿನಲ್ಲಿ ಉಳಿದ ನೀರಿನಿಂದ ಅದನ್ನು ತೊಳೆಯುತ್ತಿದ್ದ.

"ತಡಿ, ತಡಿ. ಅಲ್ಲಾಡ್ಬೇಡ. ನಿಮ್ ಯಜಮಾನ ಒಳ್ಳೆವ್ನೇ, ನೊಗದ್ ಮ್ಯಾಲೆ ಗ್ಯಾನ ಇಲ್ಲ. ನಾನ್ ಯಾಕ್ ಬಂದೆ ಗೊತ್ತೇನ್ಲಾ ನಿಂಗೆ? ಆವಮ್ಮನ್ನ ಕೇಳಣ ಅಂತ ಬಂದೆ. ಅವ್ಳು ಹೋದ್ಮ್ಯಾಲೆ ಮುದ್ದೆ ಗಂಟ್ಲಲ್ಲಿ ಇಳಿಯಾಕಿಲ್ಲ ಕಣ್ಲಾ. ಒಂದ್ ಕಣ್ಣಲ್ಲಿ ಎಸ್ಟ್ ಚೆಂದಾಗಿ ನೋಡ್ತಾಳೆ. ಆ ಕಣ್ಣ್ ಮುಂದೆ ನಂಗೆ ನಾಲ್ಗೇನೇ ಏಳಾಕಿಲ್ಲ. ನೀನೇ ಹೇಳು, ಏನ್ ಮಾಡ್ಲಿ ನಾನು?"

ಅವನು ಹೇಳುತ್ತಲೇ ಹೋದ. ಎತ್ತು ತಲೆ ತಗ್ಗಿಸಿ ಕೇಳುತ್ತಿತ್ತು. ಒಳಗೆ ದೇವೀರಮ್ಮನ ಒಂದು ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅವಳು ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಹೊಸ್ತಿಲು ದಾಟಿ, ಮುಖಕ್ಕೆ ಏನೂ ಮರೆಯಿಲ್ಲದೆ, ಹಗಲು ಬೆಳಕಿನಲ್ಲಿ ಅವನ ಹಿಂದೆ ಹೋಗಿ ನಿಂತಳು. ನಾನು ಬಾಗಿಲಲ್ಲೇ ನಿಂತೆ.

ಅವನು ಹುಣ್ಣಿಗೆ ಅರಿಸಿನ ಒತ್ತಿ, ತನ್ನ ಟವೆಲಿನ ಅಂಚು ಹರಿದು, ಹೆಗಲಿಗೆ ಸುತ್ತಿ ಗಂಟು ಹಾಕಿದ. ಕೆಲಸ ಮುಗಿಯಿತು. ತಿರುಗಿದವನಿಗೆ ಅವಳು ಕಂಡಳು. ಅವಳು ಎಲ್ಲವನ್ನೂ ಕೇಳಿದ್ದಾಳೆಂದು ಅವನಿಗೆ ತಿಳಿಯಿತು, ಮುಖವೆಲ್ಲ ಕೆಂಪಾಯಿತು. ಅವಳು ಕಾದಳು. ಹಾಗೆ ಕಾದವರನ್ನು ನಾನು ಮತ್ತೆಲ್ಲೂ ನೋಡಿಲ್ಲ. ಅವನ ತುಟಿ ಎರಡು ಸಲ ಅಲುಗಿತು. ಕಣ್ಣು ಅವಳ ಗಲ್ಲದ ತನಕ ಏರಿ, ಅಲ್ಲಿಂದ ಇಳಿದು, ಒದ್ದೆ ಕೈಗಳ ಮೇಲೆ ನಿಂತಿತು. ಹರಿದ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಹೊಲದಿಂದ ಬರುತ್ತಿದ್ದ ನಮ್ಮವರ ಕಡೆ ಹೊರಳಿದ.

"ಹೊತ್ತಾಯ್ತು ಸಾ, ಗಾಡಿ ಕಟ್ಟಿಸಿ" ಎಂದ.